ತುಳಸಿ ಎಣ್ಣೆ, ಕಾಮಕಸ್ತೂರಿ ಎಣ್ಣೆ: ಶೀಶೆಯೊಳಗೆ ಏನಿದೆ, ಯಾವ ರೋಗಾಣುವಿಗೆ ನಾಟುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

"ತುಳಸಿ ಎಣ್ಣೆ ರೋಗಾಣು ಕೊಲ್ಲುತ್ತಂತೆ, ಹೌದಾ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ಯಾವ ತುಳಸಿ?" ಕೆಲವರಿಗೆ ಸಿಟ್ಟು ಬರುತ್ತದೆ. ತುಳಸಿ ಅಂದಮೇಲೆ ತುಳಸಿ, ಅದರಲ್ಲೇನು ಯಾವುದು ಅಂತ! ಆದರೆ ಅದು ಗೊತ್ತಾಗದೆ ಮುಂದಿನ ಯಾವ ಉತ್ತರವೂ ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಬೇಸಿಲ್ ಅಂದರೆ ನಮ್ಮ ತುಳಸಿಯೇ ಅಲ್ವಾ?

ಅಲ್ಲ. ಎರಡೂ ಒಂದೇ ಮನೆತನದ ದಾಯಾದಿಗಳು. ಸಸ್ಯಶಾಸ್ತ್ರದಲ್ಲಿ ಆ ಮನೆತನದ ಹೆಸರು ಆಸಿಮಮ್. ಪುದೀನ, ದೊಡ್ಡಪತ್ರೆ ಇರುವ ಕುಟುಂಬವೇ ಇದರದ್ದೂ.

ಅಂಗಡಿಯಲ್ಲಿ 'ಬೇಸಿಲ್ ಆಯಿಲ್' ಎಂದು ಮಾರುವುದು ಸಾಮಾನ್ಯವಾಗಿ ಆಸಿಮಮ್ ಬೆಸಿಲಿಕಮ್ ಎಂಬ ಗಿಡದ ಎಣ್ಣೆ. ಅದು ನಮ್ಮ ಕಾಮಕಸ್ತೂರಿ. ಮಲ್ಲಿಗೆ, ಕನಕಾಂಬರದ ನಡುವೆ ಹಸಿರಿಗೆಂದು ಸೇರಿಸಿ ಕಟ್ಟುತ್ತಾರಲ್ಲ, ಅದೇ. ಫಲೂದಾದಲ್ಲಿ ತೇಲುವ ಕಪ್ಪು ಬೀಜವೂ ಇದರದ್ದೇ. ಇಟಲಿಯವರ ಪೆಸ್ಟೋ ಚಟ್ನಿಗೆ ಅರೆಯುವುದೂ ಇದೇ ಜಾತಿಯ ಸೊಪ್ಪು, ತಳಿ ಬೇರೆ.

ಕಟ್ಟೆಯ ಮೇಲೆ ಪೂಜೆಗೆ ಇರುವುದು ಆಸಿಮಮ್ ಟೆನ್ಯುಯಿಫ್ಲೋರಮ್. ಹಳೆಯ ಹೆಸರು ಆಸಿಮಮ್ ಸ್ಯಾಂಕ್ಟಮ್. ಹಸಿರೆಲೆಯದು ಶ್ರೀತುಳಸಿ, ನೇರಳೆ ಬಣ್ಣದ್ದು ಕೃಷ್ಣ ತುಳಸಿ. ಎರಡೂ ಒಂದೇ ಜಾತಿ. ಆಳೆತ್ತರ ಪೊದೆಯಾಗಿ ಬೆಳೆಯುವ ರಾಮತುಳಸಿ ಬೇರೆ, ಅದು ಆಸಿಮಮ್ ಗ್ರಾಟಿಸ್ಸಿಮಮ್. ಬೇಲಿ ಬದಿಯ ನಾಯಿತುಳಸಿ ಇನ್ನೊಂದು ಜಾತಿ. ಕರ್ಪೂರ ತುಳಸಿ ಮತ್ತೂ ಒಂದು, ಅದರ ಎಣ್ಣೆಯಲ್ಲಿ ನಿಜವಾಗಿಯೂ ಕರ್ಪೂರ ಇದೆ. ಇಷ್ಟೆಲ್ಲದರ ಎಣ್ಣೆಗೂ ಶೀಶೆಯ ಮೇಲೆ 'ತುಳಸಿ' ಎಂದೇ ಬರೆದಿರಬಹುದು. ತೊಂದರೆ ಶುರುವಾಗುವುದೇ ಇಲ್ಲಿ.

ಇದು ಅಡುಗೆ ಎಣ್ಣೆಯ ಹಾಗೆಯೇ ಒಂದು ಎಣ್ಣೆಯಾ?

ಹೆಸರಷ್ಟೇ ಎಣ್ಣೆ. ಕಡಲೆಕಾಯಿ ಎಣ್ಣೆ ಕೊಬ್ಬು. ಕಾಗದದ ಮೇಲೆ ಹನಿಸಿದರೆ ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ. ತುಳಸಿ ಎಣ್ಣೆಯಂಥ ಸುಗಂಧ ತೈಲದ ಹನಿ ಸ್ವಲ್ಪ ಹೊತ್ತಿಗೆ ಆವಿಯಾಗಿ ಹೋಗುತ್ತದೆ, ಕಲೆ ಹೆಚ್ಚುಕಡಿಮೆ ಮಾಯ. ಬೇವಿನೆಣ್ಣೆ ಬೆರೆಸಿದ ಕಲಬೆರಕೆ ಹಿಡಿಯಲು ಈ ಕಾಗದದ ಪರೀಕ್ಷೆ ಸಾಕು. ಜಾಣ ಕಲಬೆರಕೆಗೆ ಸಾಲದು.

ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ತೆಳುವಾದ ಪೊರೆಯ ಕೆಳಗೆ ಎಣ್ಣೆ ಗುಳ್ಳೆಯ ಹಾಗೆ ತುಂಬಿರುತ್ತದೆ. ಎಲೆ ಉಜ್ಜಿದಾಗ ಪೊರೆ ಒಡೆಯುತ್ತದೆ, ಘಮ ಬರುತ್ತದೆ. ಗಿಡ ಇದನ್ನು ಮಾಡಿಟ್ಟುಕೊಂಡಿರುವುದು ನಮ್ಮ ಮೂಗಿಗಲ್ಲ, ಮೇಯಲು ಬರುವ ಹುಳಕ್ಕೂ ಹತ್ತಿಕೊಳ್ಳುವ ಬೂಷ್ಟಿಗೂ.

ಎಷ್ಟು ಸೊಪ್ಪಿಗೆ ಎಷ್ಟು ಎಣ್ಣೆ ಸಿಗುತ್ತದೆ?

ಬಹಳ ಕಡಿಮೆ. ಹಸಿ ಸೊಪ್ಪಿನ ತೂಕದ 0.2ರಿಂದ 0.5 ಶೇಕಡಾ ಸಿಕ್ಕರೆ ಸಮಾಧಾನ. 0.3 ಎಂದುಕೊಂಡರೆ ಒಂದು ಕಿಲೋ ಎಣ್ಣೆಗೆ 300 ಕಿಲೋಗೂ ಜಾಸ್ತಿ ಸೊಪ್ಪು ಬೇಕು. ಪ್ರಯೋಗಾಲಯದಲ್ಲಿ ಕ್ಲೆವೆಂಜರ್ ಉಪಕರಣ ಎಂಬ ಗಾಜಿನ ಸಾಧನ ಬಳಸುತ್ತಾರೆ. ಸೊಪ್ಪು ಬೇಯುವಾಗ ಆವಿಯ ಜೊತೆ ಎಣ್ಣೆ ಮೇಲೇರುತ್ತದೆ, ತಣ್ಣಗಾದಾಗ ನೀರಿನ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಮೊದಲ ಸಲ ನೋಡುವವರಿಗೆ ನಿರಾಸೆ ಖಂಡಿತ. ಮೂರು ಗಂಟೆ ಕುದಿಸಿ, ಕೊನೆಗೆ ಗಾಜಿನ ಕೊಳವೆಯಲ್ಲಿ ತೆಳು ಹಳದಿಯ ಒಂದು ಎಳೆ. ಇಷ್ಟೇನಾ ಅನ್ನಿಸುತ್ತದೆ. ಮಾರುಕಟ್ಟೆಯಲ್ಲಿ ತೀರಾ ಅಗ್ಗಕ್ಕೆ ಸಿಗುವ ತುಳಸಿ ಎಣ್ಣೆಯನ್ನು ನಾನು ನಂಬದಿರುವುದು ಈ ಲೆಕ್ಕಕ್ಕೇ.

ಎಣ್ಣೆಯೊಳಗೆ ಏನೇನಿದೆ?

ಹತ್ತಾರು ರಾಸಾಯನಿಕಗಳಿವೆ. ಆದರೆ ಆಟ ಆಡಿಸುವುದು ನಾಲ್ಕೈದು ಮಾತ್ರ. ಹೆಸರು ನೆನಪಿಡುವುದು ಕಷ್ಟ, ವಾಸನೆ ಹಿಡಿದು ಹೋದರೆ ಸುಲಭ.

ಲಿನಲೂಲ್: ಹೂವಿನಂಥ ಮೃದು ಪರಿಮಳ. ಕೊತ್ತಂಬರಿ ಬೀಜ ಕುಟ್ಟಿದಾಗ ಬರುವ ಘಮದಲ್ಲಿ ಇದೇ ಮುಖ್ಯ. ಸಿಹಿ ಕಾಮಕಸ್ತೂರಿ ತಳಿಗಳಲ್ಲಿ ಜಾಸ್ತಿ.

ಮೀಥೈಲ್ ಚಾವಿಕಾಲ್: ಎಸ್ಟ್ರಗೋಲ್ ಎಂದೂ ಕರೆಯುತ್ತಾರೆ. ಸೋಂಪಿನ ವಾಸನೆ. ಕಾಮಕಸ್ತೂರಿ ಎಲೆ ಉಜ್ಜಿ ಮೂಸಿದಾಗ ಊಟದ ನಂತರದ ಸೋಂಪು ನೆನಪಾದರೆ ಅದು ಇದರ ಕೆಲಸ. 'ಚಾವಿಕಾಲ್' ಎಂಬ ಹೆಸರು ಬಂದದ್ದು ವೀಳ್ಯದೆಲೆಯಿಂದ. ಆ ಬಳ್ಳಿಯ ಹಳೆಯ ಸಸ್ಯಶಾಸ್ತ್ರೀಯ ಹೆಸರು ಚಾವಿಕಾ. ತಾಂಬೂಲದ ತಟ್ಟೆಯ ರಸಾಯನಶಾಸ್ತ್ರ ಅನ್ನಿ.

ಯೂಜಿನಾಲ್: ಲವಂಗದ ವಾಸನೆ, ನಾಲಿಗೆಗೆ ಚುರುಕು, ಆಮೇಲೆ ಸ್ವಲ್ಪ ಜೋಮು. ಕಟ್ಟೆಯ ತುಳಸಿ, ರಾಮತುಳಸಿ ಎರಡರಲ್ಲೂ ಸಾಮಾನ್ಯ. ಹಲ್ಲಿನ ಡಾಕ್ಟರ ಕೋಣೆಯ ಆ ವಿಶಿಷ್ಟ ವಾಸನೆಯೂ ಇದೇ.

ಮೀಥೈಲ್ ಯೂಜಿನಾಲ್: ಯೂಜಿನಾಲಿಗೆ ಒಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್ ಪರಮಾಣುಗಳ ಪುಟ್ಟ ತುಣುಕು) ಅಂಟಿಕೊಂಡರೆ ಇದು. ವ್ಯತ್ಯಾಸ ಇಷ್ಟೇ ಇಷ್ಟು. ಪರಿಣಾಮ ಮಾತ್ರ ದೊಡ್ಡದು, ಮುಂದೆ ಬರುತ್ತದೆ.

ಇವಲ್ಲದೆ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಕಾಳುಮೆಣಸಿನಲ್ಲೂ ಇರುವ ಕ್ಯಾರಿಯೋಫಿಲೀನ್, ಕೆಲವು ತಳಿಗಳಲ್ಲಿ ಮೀಥೈಲ್ ಸಿನ್ನಮೇಟ್, ನಿಂಬೆ ವಾಸನೆಯ ಸಿಟ್ರಾಲ್ ಹೀಗೆ ಪಟ್ಟಿ ಬೆಳೆಯುತ್ತದೆ. ಆಸಿಮೀನ್ ಎಂಬ ರಾಸಾಯನಿಕಕ್ಕಂತೂ ಹೆಸರು ಕೊಟ್ಟದ್ದೇ ಈ ಆಸಿಮಮ್ ಗಿಡಗಳು.

ಗಿಡ ಒಂದೇ ಜಾತಿಯದಾದರೂ ಎಣ್ಣೆ ಬೇರೆ ಬೇರೆ ಯಾಕೆ?

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಇದು. ಎರಡು ಕಾಮಕಸ್ತೂರಿ ಗಿಡಗಳು ನೋಡಲು ಅವಳಿಗಳ ಹಾಗಿರಬಹುದು. ಒಂದರ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನಲೂಲ್, ಇನ್ನೊಂದರಲ್ಲಿ ಮುಕ್ಕಾಲು ಪಾಲು ಮೀಥೈಲ್ ಚಾವಿಕಾಲ್. ಇಂಥ ಒಳಭೇದಕ್ಕೆ ಕೀಮೋಟೈಪ್ ಎನ್ನುತ್ತಾರೆ. ಯುರೋಪಿನ ಸಿಹಿ ಬೇಸಿಲ್ ಎಣ್ಣೆಯಲ್ಲಿ ಲಿನಲೂಲಿನದ್ದೇ ಯಜಮಾನಿಕೆ. ಹಿಂದೂ ಮಹಾಸಾಗರದ ರಿಯೂನಿಯನ್, ಕೊಮೊರೊಸ್ ದ್ವೀಪಗಳ ಹೆಸರಿನಲ್ಲಿ ಬರುವ ಎಣ್ಣೆ ಪೂರ್ತಿ ಸೋಂಪಿನ ಬಗೆ. ಈ ಬಗೆಯ ಎಣ್ಣೆಗೇ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 11043.

ಇದಕ್ಕೆ ಕಾರಣ ಕಿಣ್ವಗಳು, ಅಂದರೆ ಗಿಡದೊಳಗೆ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನುಗಳು. ಯೂಜಿನಾಲ್, ಚಾವಿಕಾಲ್ ಎರಡನ್ನೂ ಗಿಡ ಫಿನೈಲಲನಿನ್ ಎಂಬ ಅಮೈನೊ ಆಮ್ಲದಿಂದ ಕಟ್ಟುತ್ತದೆ. ಲಿನಲೂಲ್ ಬರುವುದು ಪೂರಾ ಬೇರೆ ದಾರಿಯಲ್ಲಿ, ಟರ್ಪೀನು ಎಂಬ ಇನ್ನೊಂದು ಬಗೆಯ ರಾಸಾಯನಿಕಗಳ ದಾರಿಯಲ್ಲಿ. ಯಾವ ದಾರಿಯ ಕಿಣ್ವ ಚುರುಕಾಗಿದೆಯೋ ಆ ಸರಕು ಜಾಸ್ತಿ ತಯಾರು. ಯೂಜಿನಾಲ್ ಕಟ್ಟುವ ಕಿಣ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 2006ರಲ್ಲಿ, ಕಾಮಕಸ್ತೂರಿ ಮತ್ತು ಪೆಟೂನಿಯಾ ಗಿಡಗಳಲ್ಲಿ. ಅದಾದ ಮೇಲೆ ಮೀಥೈಲ್ ಅಂಟಿಸುವ ಇನ್ನೊಂದು ಕಿಣ್ವ ಇದ್ದರೆ ಯೂಜಿನಾಲ್ ಮೀಥೈಲ್ ಯೂಜಿನಾಲ್ ಆಗುತ್ತದೆ. ಇಲ್ಲದಿದ್ದರೆ ಇಲ್ಲ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಇಟಲಿಯ ಜಿನೋವಾ ಬಗೆಯ ಒಂದು ತಳಿಯಲ್ಲಿ ಸುಮಾರು 10 ಸೆಂ.ಮೀ.ವರೆಗಿನ ಎಳೆ ಗಿಡದಲ್ಲಿ ಮೀಥೈಲ್ ಯೂಜಿನಾಲ್ ಮೇಲುಗೈ, ಎತ್ತರ ಬೆಳೆದ ಮೇಲೆ ಯೂಜಿನಾಲ್ ಮೇಲುಗೈ ಎಂದು ಕಂಡುಬಂದಿದೆ. ಬಿಸಿಲು, ಕೊಯ್ಲಿನ ಹೊತ್ತು, ಒಣಗಿಸಿದ ರೀತಿ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಿಸುತ್ತವೆ. ನಮ್ಮ ದೇಶದ ತುಳಸಿಯಲ್ಲೂ ಹಾಗೇ. ಯೂಜಿನಾಲ್ ಮುಖ್ಯವಾದ ಗಿಡಗಳೂ ಇವೆ, ಮೀಥೈಲ್ ಯೂಜಿನಾಲ್ ಮುಖ್ಯವಾದವೂ ಇವೆ.

ಬೆಳೆಯುವ ರೈತರಿಗೆ ಗೊತ್ತಿರುವ ತಳಿ ಸಿಗುತ್ತದಾ?

ಸಿಗುತ್ತದೆ. ಔಷಧಿ, ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಖನೌದ ಸಿಮ್ಯಾಪ್ ಸಂಸ್ಥೆ ಇದರಲ್ಲೇ ಹೆಸರು ಮಾಡಿದ್ದು. ಬೆಂಗಳೂರಿನ ಅಳ್ಳಾಳಸಂದ್ರದಲ್ಲಿ ಅದರ ಕೇಂದ್ರ ಇದೆ. ಸಿಮ್-ಆಯು ತುಳಸಿಯಲ್ಲಿ ಯೂಜಿನಾಲ್ ಜಾಸ್ತಿ. ಸಿಮ್-ಸೌಮ್ಯ ಕಾಮಕಸ್ತೂರಿಯಲ್ಲಿ ಮೀಥೈಲ್ ಚಾವಿಕಾಲ್ ಮತ್ತು ಲಿನಲೂಲ್. ಸಿಮ್-ಸುರಭಿ ಲಿನಲೂಲಿಗೆಂದೇ ಬೆಳೆಸಿದ್ದು. ಕೊಳ್ಳುವವರಿಗೆ ಯಾವ ಅಂಶ ಬೇಕು ಎಂದು ಮೊದಲು ಕೇಳಿ, ಆಮೇಲೆ ಬೀಜ ಹಾಕಿ. ಸುಮ್ನೆ 'ತುಳಸಿ' ಹಾಕಿ ಕೂತರೆ ಕೊಳ್ಳುವವರು ಹುಡುಕಿಕೊಂಡು ಬರುವುದಿಲ್ಲ.

ಶೀಶೆಯಲ್ಲಿರುವುದು ಯಾವುದು ಎಂದು ತಿಳಿಯುವುದು ಹೇಗೆ?

ಜಿಸಿ-ಎಂಎಸ್ ವರದಿ ಕೇಳಿ. ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಣ್ಣೆಯ ಅಂಶಗಳನ್ನು ಬಿಡಿಬಿಡಿ ಮಾಡುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳ ಗುರುತು ಹೇಳುತ್ತದೆ. ಒಳ್ಳೆಯ ಮಾರಾಟಗಾರರು ಪ್ರತಿ ಬ್ಯಾಚಿಗೂ ಕೊಡುತ್ತಾರೆ. ಒಮ್ಮೆ ಅಂಗಡಿಯೊಂದರಲ್ಲಿ ನಾನು 'ಶುದ್ಧ ತುಳಸಿ' ಎಂಬ ಶೀಶೆ ತಂದಿದ್ದೆ. ಮುಚ್ಚಳ ತೆಗೆದರೆ ಗಮ್ಮೆಂದು ಸೋಂಪು. ವರದಿ ಕೇಳಿದರೆ "ಸಾರ್, ಇದು ನ್ಯಾಚುರಲ್" ಎಂಬ ಉತ್ತರ ಬಂತು.

ಅಗ್ಗದ ಕೃತಕ ಲಿನಲೂಲ್ ಬೆರೆಸುವುದೂ ಉಂಟು. ಅದನ್ನು ಹಿಡಿಯುವ ಉಪಾಯ ಚೆಂದ ಇದೆ. ಲಿನಲೂಲ್ ಅಣು ಎಡಗೈ ಬಲಗೈ ಹಾಗೆ ಎರಡು ಕನ್ನಡಿ ರೂಪದಲ್ಲಿರುತ್ತದೆ. ಕಾಮಕಸ್ತೂರಿ ಗಿಡ ಬಹುಪಾಲು ಒಂದೇ ರೂಪವನ್ನು ಮಾಡುತ್ತದೆ, ಕೊತ್ತಂಬರಿ ಇನ್ನೊಂದನ್ನು. ಕಾರ್ಖಾನೆಯದ್ದರಲ್ಲಿ ಎರಡೂ ಸಮ ಸಮ. ಎರಡೂ ರೂಪ ಅರ್ಧರ್ಧ ಕಂಡರೆ ಬೆರಕೆ ಆಗಿದೆ ಎಂದೇ.

ಸರಿ, ಈಗ ಹೇಳಿ: ಸೂಕ್ಷ್ಮಾಣು ಸಾಯುತ್ತವಾ?

ಪ್ರಯೋಗಾಲಯದಲ್ಲಿ ಹೌದು, ಇದರಲ್ಲಿ ಅನುಮಾನ ಇಲ್ಲ. ಕುರು, ಕೀವಿಗೆ ಕಾರಣವಾಗುವ ಸ್ಟೆಫಿಲೋಕಾಕಸ್ ಆರಿಯಸ್, ಸರಿಯಾಗಿ ಇಡದ ತಂಗಳನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಕ್ಯಾಂಡಿಡಾ ಎಂಬ ಯೀಸ್ಟ್, ಹಲವು ಬೂಷ್ಟುಗಳು ಈ ಎಣ್ಣೆಗಳಿಗೆ ಬಗ್ಗುತ್ತವೆ. ಎಷ್ಟು ಬೇಗ, ಎಷ್ಟು ಪ್ರಮಾಣಕ್ಕೆ ಎಂಬುದು ಮಾತ್ರ ಎಣ್ಣೆಯೊಳಗಿನ ಅಂಶದ ಮೇಲೆ ನಿಂತಿದೆ.

ಸಾಮಾನ್ಯವಾಗಿ ಯೂಜಿನಾಲ್ ಜಾಸ್ತಿ ಇರುವ ಎಣ್ಣೆಗೆ ಏಟು ಜಾಸ್ತಿ. ಯೂಜಿನಾಲ್ ಅಣುವಿನ ಉಂಗುರಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ, ಹೈಡ್ರೋಜನ್ ಜೋಡಿ) ನೇರವಾಗಿ ಅಂಟಿಕೊಂಡಿದೆ. ಅದೇ ಅದರ ಕತ್ತಿ. ಅದರ ಮೇಲೆ ಮೀಥೈಲ್ ಕೂರಿಸಿದರೆ ಕತ್ತಿಯನ್ನು ಒರೆಯೊಳಗೆ ಇಟ್ಟ ಹಾಗೆ, ಏಟು ಕಡಿಮೆ. ಮೀಥೈಲ್ ಚಾವಿಕಾಲಿನದ್ದೂ ಅದೇ ಕತೆ. ಲಿನಲೂಲ್ ಯೂಜಿನಾಲಿಗೂ ಈ ಮೀಥೈಲ್ ಬಗೆಗಳಿಗೂ ನಡುವೆ ಎಲ್ಲೋ ಬರುತ್ತದೆ.

ಕೊಲ್ಲುವುದು ಹೇಗೆ?

ಬ್ಯಾಕ್ಟೀರಿಯಾದ ಮೈಗೆ ಕೊಬ್ಬಿನ ಅಣುಗಳ ತೆಳು ಪೊರೆ ಇದೆ. ಯೂಜಿನಾಲ್, ಲಿನಲೂಲ್ ಎರಡಕ್ಕೂ ನೀರಿಗಿಂತ ಕೊಬ್ಬು ಇಷ್ಟ. ಹೋಗಿ ಪೊರೆಯೊಳಗೆ ಸೇರಿಕೊಳ್ಳುತ್ತವೆ. ಪೊರೆ ಸಡಿಲವಾಗುತ್ತದೆ, ಒಳಗಿನ ಪೊಟ್ಯಾಸಿಯಂ ಸೋರುತ್ತದೆ, ಶಕ್ತಿಯ ಕಾಸಿನ ಹಾಗಿರುವ ಎಟಿಪಿ ಕೂಡ ಖಾಲಿಯಾಗುತ್ತದೆ. ಗೋಡೆ ಒಡೆದ ಕೆರೆ ಎಷ್ಟು ಹೊತ್ತು ನಿಂತೀತು? ಶಿಲೀಂಧ್ರಗಳಲ್ಲಿ ಇನ್ನೊಂದು ಏಟು ಬೀಳುತ್ತದೆ. ಅವುಗಳ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಕೆಗೇ ಯೂಜಿನಾಲ್ ಅಡ್ಡ ಬರುತ್ತದೆ.

ಯಾವುದು ಜಗ್ಗುವುದಿಲ್ಲ?

ಸುಲಭಕ್ಕೆ ಜಗ್ಗದ್ದು ಗ್ರಾಂ ನೆಗೆಟಿವ್ ಗುಂಪು. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಪಾಲು ಮಾಡಿದರಲ್ಲ, ಅದರಲ್ಲಿ ಆ ಬಣ್ಣ ಹಿಡಿದಿಟ್ಟುಕೊಳ್ಳದ ಪಾಲು. ಇ. ಕೋಲಿ, ಸಾಲ್ಮೊನೆಲ್ಲಾ ಇಲ್ಲಿ ಬರುತ್ತವೆ. ಇವಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಅದು ಎಣ್ಣೆಯಂಥ ಅಣುಗಳನ್ನು ತಡೆಯುತ್ತದೆ. ಎಲ್ಲಕ್ಕಿಂತ ಹಟಮಾರಿ ಸೂಡೊಮೊನಾಸ್ ಎರುಜಿನೋಸಾ. ಒಳಗೆ ನುಗ್ಗಿದ್ದನ್ನೂ ಪಂಪು ಹಾಕಿ ಹೊರಗೆ ಎಸೆಯುತ್ತದೆ.

'20 ಮಿ.ಮೀ. ವಲಯ ಬಂತು' ಎಂದು ಜಾಹೀರಾತಿನಲ್ಲಿ ಬರೆಯುತ್ತಾರೆ. ಅದರ ಅರ್ಥ ಏನು?

ಬ್ಯಾಕ್ಟೀರಿಯಾ ಹರಡಿದ ಅಗರ್ (ಸೂಕ್ಷ್ಮಾಣು ಬೆಳೆಸುವ ಲೋಳೆಯಂಥ ಪದಾರ್ಥ) ತಟ್ಟೆಯ ಮೇಲೆ ಎಣ್ಣೆಯಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ಸುತ್ತ ಏನೂ ಬೆಳೆಯದ ಖಾಲಿ ಜಾಗವನ್ನು ಅಳೆಯುತ್ತಾರೆ. ನೋಡಲು ಚೆಂದ, ಫೋಟೋಗೂ ಚೆಂದ. ಆದರೆ ಎಣ್ಣೆ ನೀರಿನಂಶದ ಅಗರಿನಲ್ಲಿ ಸರಿಯಾಗಿ ಹರಡುವುದಿಲ್ಲ, ಅರ್ಧ ಆವಿಯಾಗುತ್ತದೆ. ಬಿಲ್ಲೆಗೆ 5 ಮೈಕ್ರೋಲೀಟರ್ ಹಾಕಿದರೇ, 20 ಹಾಕಿದರೇ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಒಬ್ಬರ 20 ಮಿ.ಮೀ.ಯನ್ನು ಇನ್ನೊಬ್ಬರ 12ರ ಜೊತೆ ಹೋಲಿಸುವುದು ಸೇರಿನಲ್ಲಿ ಅಳೆದದ್ದನ್ನು ಮಾರಿನಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗೆ.

ಇದಕ್ಕಿಂತ ಭರವಸೆಯದು ಎಂಐಸಿ. ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಪ್ರಮಾಣ. 96 ಪುಟ್ಟ ಗುಳಿಗಳ ತಟ್ಟೆಯಲ್ಲಿ ಎಣ್ಣೆಯನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳು ಮಾಡುತ್ತಾ ಹೋಗಿ ನೋಡುತ್ತಾರೆ. ಇಲ್ಲೂ ಎಣ್ಣೆ ಕರಗಿಸಲು ಏನು ಬೆರೆಸಿದರು ಎಂಬುದು ಉತ್ತರವನ್ನು ಅಲುಗಾಡಿಸುತ್ತದೆ.

ಹಾಗಾದರೆ ಆಂಟಿಬಯಾಟಿಕ್ ಬದಲು ಇದನ್ನೇ ತೆಗೆದುಕೊಳ್ಳಬಹುದಲ್ವಾ?

ಬೇಡ. ಎಂಐಸಿ ಲೆಕ್ಕವನ್ನೇ ನೋಡಿ. ಈ ಎಣ್ಣೆಗಳಿಗೆ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂನಿಂದ ಹಲವು ಮಿಲಿಗ್ರಾಂ ಬೇಕಾಗುವುದು ಸಾಮಾನ್ಯ. ಕೆಲಸ ಮಾಡುವ ಆಂಟಿಬಯಾಟಿಕ್ಕಿಗೆ ಮೈಕ್ರೋಗ್ರಾಂ ಸಾಕು, ಅಂದರೆ ನೂರು, ಸಾವಿರ ಪಟ್ಟು ಕಡಿಮೆ. ಅಷ್ಟು ಎಣ್ಣೆಯನ್ನು ರಕ್ತದಲ್ಲಿ ನಿಲ್ಲಿಸಲು ಆಗುವುದಿಲ್ಲ. ಯೂಜಿನಾಲ್ ಹೊಟ್ಟೆಗೆ ಹೋದರೆ ಯಕೃತ್ತು ಬೇಗನೆ ಅದಕ್ಕೆ ಸಕ್ಕರೆ, ಸಲ್ಫೇಟು ಅಂಟಿಸಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ಬ್ಯಾಕ್ಟೀರಿಯಾದ ಪೊರೆ ಒಡೆಯುವ ಪ್ರಮಾಣ ನಮ್ಮ ಜೀವಕೋಶದ ಪೊರೆಯನ್ನೂ ಬಿಡುವುದಿಲ್ಲ, ಅದಕ್ಕೂ ಕೊಬ್ಬಿನದೇ ಪೊರೆ. ಜ್ವರ ಮೂರು ದಿನ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ.

ವೈರಸ್?

ಗಾಜಿನ ತಟ್ಟೆಯಲ್ಲಿ ಕೆಲವು ವೈರಸ್‌ಗಳ ಮೇಲೆ ಪರಿಣಾಮ ಕಂಡದ್ದುಂಟು. ಮನುಷ್ಯರ ವೈರಸ್ ಕಾಯಿಲೆ ಈ ಎಣ್ಣೆಯಿಂದ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ.

ಆಹಾರ ಕೆಡದಂತೆ ಇಡಲು ಬಳಸಬಹುದಾ?

ನನ್ನ ಪ್ರಕಾರ ಈ ಎಣ್ಣೆಗಳಿಗೆ ನಿಜವಾದ ಭವಿಷ್ಯ ಇರುವುದು ಇಲ್ಲಿ. ಆಸ್ಟ್ರೇಲಿಯಾದ ಸಂಶೋಧಕರು ಲಿನಲೂಲ್ ಮತ್ತು ಮೀಥೈಲ್ ಚಾವಿಕಾಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸೇರಿಸಿ ಚೆಡ್ಡಾರ್ ಚೀಸಿಗೆ ಸುತ್ತಿ ನೋಡಿದ್ದಾರೆ, ಬ್ಯಾಕ್ಟೀರಿಯಾ ಬೆಳವಣಿಗೆ ನಿಧಾನವಾಯಿತು. ಕಡಲೆಕಾಯಿಗೆ ಹಿಡಿದು ಅಫ್ಲಾಟಾಕ್ಸಿನ್ ವಿಷ ಬಿಡುವ ಆಸ್ಪರ್ಜಿಲಸ್ ಬೂಷ್ಟಿನ ಮೇಲೂ ಪ್ರಯೋಗಗಳಾಗಿವೆ. ಆವಿಯೇ ಕೆಲಸ ಮಾಡುವುದರಿಂದ ಆಹಾರಕ್ಕೆ ಸುರಿಯಬೇಕಾಗಿಲ್ಲ.

ತೊಡಕು ಎರಡು. ಪನೀರು, ಚೀಸಿನ ಕೊಬ್ಬು ಎಣ್ಣೆಯನ್ನು ಹೀರಿಕೊಂಡುಬಿಡುತ್ತದೆ, ಬ್ಯಾಕ್ಟೀರಿಯಾದ ಪಾಲಿಗೆ ಉಳಿಯುವುದು ಕಡಿಮೆ. ಪ್ರಮಾಣ ಏರಿಸಿದರೆ ತಿನ್ನುವವರು ಮುಖ ಸಿಂಡರಿಸುತ್ತಾರೆ. ಲವಂಗದ ವಾಸನೆಯ ಪನೀರು ಯಾರಿಗೆ ಬೇಕು?

ಎರಡು ಹನಿ ಬಿಸಿನೀರಿಗೆ ಹಾಕಿ ಕುಡಿದರೆ ಏನಾಗುತ್ತದೆ?

ಕುಡಿಯಬೇಡಿ ಎಂಬುದೇ ನನ್ನ ಉತ್ತರ. ಮುಖ್ಯ ಕಾರಣ ಆ ಪುಟ್ಟ ಮೀಥೈಲ್. ಅದಕ್ಕೆ ಮೊದಲು ಬರೀ ಯೂಜಿನಾಲನ್ನೇ ನೋಡಿ. ಯೂಜಿನಾಲಿಗೆ ಅಂತರರಾಷ್ಟ್ರೀಯ ಆಹಾರ ತಜ್ಞರ ಸಮಿತಿ ದಿನದ ಮಿತಿ ಕೊಟ್ಟಿದೆ: ದೇಹದ ತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ. 50 ಕಿಲೋ ತೂಕದವರಿಗೆ ಹೆಚ್ಚುಕಡಿಮೆ ಎರಡೂವರೆ ಹನಿ ಯೂಜಿನಾಲಿಗೇ ಮಿತಿ ಮುಗಿಯಿತು. ಯೂಜಿನಾಲೇ ತುಂಬಿರುವ ಲವಂಗದೆಣ್ಣೆ ಕುಡಿದು ಯಕೃತ್ತು ಹಾಳಾದ ಮಕ್ಕಳ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಮೀಥೈಲ್ ಯೂಜಿನಾಲ್ ಮತ್ತು ಮೀಥೈಲ್ ಚಾವಿಕಾಲ್ ಇನ್ನೂ ಗಂಭೀರ. ಯಕೃತ್ತು ಇವನ್ನು ಹೊರಹಾಕುವ ದಾರಿಯಲ್ಲಿ ಡಿಎನ್ಎಗೆ ಅಂಟುವ ಒಂದು ರೂಪ ಹುಟ್ಟುತ್ತದೆ. ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಯಕೃತ್ತಿನ ಗಡ್ಡೆಗಳಾದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2023ರಲ್ಲಿ ಮೀಥೈಲ್ ಯೂಜಿನಾಲನ್ನು 'ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವಂಥದ್ದು' ಎಂಬ 2ಎ ಗುಂಪಿಗೆ ಏರಿಸಿತು. ಅಮೆರಿಕ 2018ರಲ್ಲಿ ಕೃತಕ ಮೀಥೈಲ್ ಯೂಜಿನಾಲನ್ನು ಆಹಾರದ ರುಚಿಗೆ ಬಳಸುವ ಅನುಮತಿ ಹಿಂತೆಗೆದುಕೊಂಡಿತು. ಯುರೋಪಿನಲ್ಲಿ ಇವೆರಡನ್ನೂ ಬಿಡಿಯಾಗಿ ಆಹಾರಕ್ಕೆ ಸೇರಿಸುವಂತಿಲ್ಲ.

ಅಯ್ಯೋ, ಹಾಗಾದರೆ ತೀರ್ಥ, ಕಷಾಯ ಬಿಡಬೇಕಾ?

ಗಾಬರಿ ಬೇಡ, ಲೆಕ್ಕ ಹಾಕೋಣ. ಹತ್ತು ತುಳಸಿ ಎಲೆ ಸುಮಾರು ಒಂದು ಗ್ರಾಂ ಎಂದುಕೊಳ್ಳಿ. ಅದರಲ್ಲಿ ಎಣ್ಣೆ ಇರುವುದು ಅಂದಾಜು 3 ಮಿಲಿಗ್ರಾಂ. ಶೀಶೆಯ ಒಂದು ಹನಿ ಸುಮಾರು 45 ಮಿಲಿಗ್ರಾಂ. ಅಂದರೆ ಒಂದು ಹನಿ ಕುಡಿಯುವುದು 150 ಎಲೆ ಒಟ್ಟಿಗೆ ತಿಂದ ಹಾಗೆ. ಉದ್ಧರಣೆಯಲ್ಲಿ ಬರುವ ಒಂದು ಎಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕಷಾಯ ಕುದಿಯುವಾಗ ಎಣ್ಣೆಯ ಒಂದಷ್ಟು ಪಾಲು ಆವಿಯಲ್ಲೇ ಹೋಗುತ್ತದೆ, ಅಡುಗೆಮನೆಯೆಲ್ಲ ಘಮಘಮಿಸುವುದು ಅದಕ್ಕೇ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಜಾಸ್ತಿ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಲಿ.

ಮೊಡವೆಗೆ ಹಚ್ಚಬಹುದಾ?

ನೇರವಾಗಿ ಹಚ್ಚಿದರೆ ಉರಿ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ನೂರಕ್ಕೆ ಒಂದು ಪಾಲು ದಾಟದಂತೆ ಇಟ್ಟುಕೊಂಡು, ಮೊದಲು ಮೊಣಕೈಯ ಒಳಭಾಗದಲ್ಲಿ ಒಂದು ದಿನ ಪರೀಕ್ಷಿಸಿ. ಯೂಜಿನಾಲ್, ಲಿನಲೂಲ್ ಎರಡೂ ಯುರೋಪಿನಲ್ಲಿ ಕಾಸ್ಮೆಟಿಕ್ ಲೇಬಲ್ ಮೇಲೆ ನಮೂದಿಸಲೇಬೇಕಾದ ಅಲರ್ಜಿಕಾರಕಗಳು. ಪುಟ್ಟ ಮಕ್ಕಳಿಗೆ ಬೇಡವೇ ಬೇಡ.

ಮಾವಿನ ತೋಟದ ಮೋಹಕ ಬಲೆಗೂ ತುಳಸಿಗೂ ಸಂಬಂಧ ಇದೆಯಂತೆ?

ಇದೆ. ಮಾವಿಗೆ ಬೀಳುವ ಹಣ್ಣುನೊಣದ ಗಂಡಿಗೆ ಮೀಥೈಲ್ ಯೂಜಿನಾಲ್ ಅಂದರೆ ಹುಚ್ಚು. ಶತಮಾನದ ಹಿಂದೆ ಬಿಹಾರದ ಪೂಸಾದಲ್ಲಿ ಹೌಲೆಟ್ ಎಂಬ ಕೀಟತಜ್ಞರು ಇದನ್ನು ಗುರುತಿಸಿದರು. ಇವತ್ತು ತೋಟದಲ್ಲಿ ನೇತುಹಾಕುವ ಬಲೆಯೊಳಗಿನ ಮರದ ತುಂಡಿಗೆ ಅದೇ ಅದ್ದಿರುತ್ತದೆ. ಬಲೆ ಕೊಳ್ಳದ ರೈತರು ತುಳಸಿ ಎಲೆ ಜಜ್ಜಿ, ಅದಕ್ಕೆ ಕೀಟನಾಶಕ ಸೇರಿಸಿ ಕರಟದಲ್ಲಿ ಇಡುವುದೂ ಉಂಟು. ಜಜ್ಜಿದ ತುಳಸಿಗೆ ನೊಣ ಮುತ್ತಿದರೆ ಆ ಗಿಡದಲ್ಲಿ ಮೀಥೈಲ್ ಯೂಜಿನಾಲ್ ಇದೆ ಎಂದೇ ಲೆಕ್ಕ. ಜಿಸಿ-ಎಂಎಸ್ ಇಲ್ಲದ ಊರಿನ ಜಿಸಿ-ಎಂಎಸ್!

ಫಲೂದಾ ಬೀಜದಲ್ಲೂ ಈ ಎಣ್ಣೆ ಇದೆಯಾ?

ಬೀಜದಲ್ಲಿರುವುದು ನೀರು ಕುಡಿದು ಉಬ್ಬುವ ಲೋಳೆ ಮತ್ತು ಜಿಡ್ಡಿನ ಎಣ್ಣೆ. ಸುಗಂಧ ತೈಲ ಇರುವುದು ಎಲೆ ಮತ್ತು ಹೂಗೊಂಚಲಲ್ಲಿ.

ಶೀಶೆಯನ್ನು ಎಷ್ಟು ದಿನ ಇಡಬಹುದು?

ಕಂದು ಗಾಜಿನ ಶೀಶೆ, ಬಿಗಿ ಮುಚ್ಚಳ, ತಂಪು ಜಾಗ ಇದ್ದರೆ ಒಂದು ವರ್ಷಕ್ಕೆ ತೊಂದರೆ ಇಲ್ಲ. ಪ್ಲಾಸ್ಟಿಕ್ಕಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಗಾಳಿ ಸೇರಿದ ಲಿನಲೂಲ್ ಆಮ್ಲಜನಕದ ಜೊತೆ ಸೇರಿ ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಚರ್ಮದ ಅಲರ್ಜಿಗೆ ಅದೇ ದೊಡ್ಡ ಕಾರಣ. ಎಣ್ಣೆ ಮಂದವಾಗಿ, ಬಣ್ಣ ಗಾಢವಾಗಿ, ವಾಸನೆ ಹಳಸಲು ಹಳಸಲು ಅನ್ನಿಸಿದರೆ ಮೈಗೆ ಬೇಡ. ನೆಲ ಒರೆಸುವ ಬಕೆಟ್ಟಿಗೆ ಹಾಕಿ.